ಹಸುವಿನ ಮುಖಕ್ಕೆ ಹೊದಿಸಿದ ಸೀರೆ

ಕೈಯಲ್ಲಿ ಫೈಲು ಹಿಡಿದವರು ಬಾಗಿಲಿಗೆ ಬಂದರೆ ಅಜ್ಜಿ ಅಡುಗೆಮನೆಗೆ ಓಡುತ್ತಾಳೆ ಎಂದು ನೀವಿಬ್ಬರೂ ನಗುತ್ತೀರಿ. ಮೊನ್ನೆ ಗ್ಯಾಸಿನ ಪೈಪು ನೋಡಲು ಬಂದವನನ್ನು ಕಂಡು ನಾನು ಹಿಟ್ಟಿನ ಕೈಯಲ್ಲೇ ಬಾಗಿಲ ಹಿಂದೆ ನಿಂತದ್ದನ್ನು ನಿಮ್ಮಪ್ಪನಿಗೆ ಮಾಡಿ ತೋರಿಸಿದಿರಿ. ನಾನೂ ನಕ್ಕೆ. ಆದರೆ ಆ ಹೆದರಿಕೆಗೆ ಒಂದು ಕಾರಣವಿದೆ. ಬಾಯಲ್ಲಿ ಹೇಳಲು ಹೋದರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಇದು. ನಿಮಗೆ ಓದಲು ಕಷ್ಟವಾದರೆ ಅಪ್ಪ ಓದಿ ಹೇಳಲಿ. ಇದರಲ್ಲಿ ಕೆಲವು ವಿಷಯ ಅವನಿಗೂ ಗೊತ್ತಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ, ಅವರಲ್ಲಿ ಹೆಚ್ಚಿನವರು ಇನ್ನೂ ಅಲ್ಲೇ ಇದ್ದಾರೆ.

ನಿಮ್ಮ ಅಜ್ಜ ಮತ್ತು ಅವರ ತಮ್ಮ ಉಡುಪಿ ಕಡೆಯಿಂದ ಈ ಬಂಗಾಳಕ್ಕೆ ಬಂದು ಪೇಟೆಯೊಳಗಿನ ಕಸ್ಬಾದಲ್ಲಿ ಒಂದು ಸಣ್ಣ ಹೋಟೆಲು ಇಟ್ಟಿದ್ದರು. ಕಂಪ್ಯೂಟರ್ ಆಫೀಸುಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ. ಕುತ್ತಿಗೆಗೆ ಕಾರ್ಡು ತೂಗಿಸಿಕೊಂಡ ಹುಡುಗ ಹುಡುಗಿಯರು ಬೆಳಿಗ್ಗೆ ಇಡ್ಲಿಗೆ ಸಾಲು ನಿಲ್ಲುತ್ತಿದ್ದರು. ಪ್ಯಾಕೆಟ್ ಹಾಲಿನ ಮೊಸರು ಅಜ್ಜನಿಗೆ ಹಿಡಿಸುತ್ತಿರಲಿಲ್ಲ. ಎರಡು ಹಸು ಸಾಕಿದರು. ಪೇಟೆಯೊಳಗೆ ದನ ಕಟ್ಟಬಾರದು ಎಂದು ಸರ್ಕಾರ ಹಟ್ಟಿಗಳನ್ನೆಲ್ಲ ಎಬ್ಬಿಸಿದ ಮೇಲೆ ಜೋಕಾದ ಆಚೆ, ಕಾಲುವೆಯ ಹತ್ತಿರ, ಒಂದು ಜಾಗ ಬಾಡಿಗೆಗೆ ಹಿಡಿದು ತಗಡಿನ ಹಟ್ಟಿ ಹಾಕಿದರು. ಪಕ್ಕದಲ್ಲಿ ನಮಗೆ ಎರಡು ಕೋಣೆ. ಅಜ್ಜ ತೀರಿಹೋದ ಮೇಲೆ ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕಜ್ಜ, "ಅತ್ತಿಗೆ, ದನ ಮಾರಿ ಲೇಕ್ ಗಾರ್ಡನ್ಸಿನ ಮನೆಗೆ ಬನ್ನಿ. ಅಲ್ಲಿ ಒಬ್ರೇ ಎಂತ ಮಾಡುದು?" ಎಂದರು. ನಾನು ಹೋಗಲಿಲ್ಲ. ನಿಮ್ಮಪ್ಪ ಓದಲಿಕ್ಕೆಂದು ಅವರ ಮನೆಯಲ್ಲಿದ್ದ, ನಾನು ಹಟ್ಟಿಯಲ್ಲಿದ್ದೆ. ಮನೆ ತುಂಬ ಜನರ ನಡುವೆ ಮಾತಾಡಬೇಕಾಗುತ್ತದೆ. ದನಗಳ ಜೊತೆ ಆ ಕಷ್ಟವಿಲ್ಲ.

ನಮ್ಮ ಹಟ್ಟಿಗೂ ಪಕ್ಕದ ಹಟ್ಟಿಗೂ ನಡುವೆ ಒಂದು ಬಿದಿರಿನ ತಟ್ಟಿ ಅಷ್ಟೇ. ಆಚೆ ಒಬ್ಬಳು ಬಂಗಾಳಿ ಹೆಂಗಸು, ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು. ಅವಳ ಗಂಡ ಸೈಕಲ್ ವ್ಯಾನು ತುಳಿಯುತ್ತಿದ್ದ. ಅವಳಿಗಿದ್ದದ್ದು ಒಂದೇ ಹಸು. ಅದರ ಹಾಲು ಮಿಠಾಯಿ ಅಂಗಡಿಗೆ ಹೋಗುತ್ತಿತ್ತು, ಮನೆ ನಡೆಯುತ್ತಿದ್ದದ್ದೇ ಅದರಿಂದ. ನಾವು ಕುಚ್ಚಲಕ್ಕಿ ಬಸಿದ ಗಂಜಿನೀರಿಗೆ ತೆಳಿ ಎನ್ನುತ್ತೇವಲ್ಲ, ಅವಳ ಮನೆಯ ತೆಳಿ ದಿನಾ ನನ್ನ ಹಸುಗಳಿಗೆ ಬರುತ್ತಿತ್ತು, ಹಸುವಿಗೊಂದು ಪಾತ್ರೆ. ನಾನು ಬದಲಿಗೆ ಹೋಟೆಲಿನ ತರಕಾರಿ ಸಿಪ್ಪೆ ಕೊಡುತ್ತಿದ್ದೆ. ಅವಳು ನನ್ನನ್ನು ದೀದಿ ಎನ್ನುತ್ತಿದ್ದಳು. ಅವಳು ಬಂಗಾಳಿಯಲ್ಲಿ ಆಡಿದ್ದನ್ನೆಲ್ಲ ನಾನು ನನ್ನ ಮಾತಿನಲ್ಲೇ ಬರೆಯುತ್ತೇನೆ.

ನನ್ನ ಎರಡು ಹಸುಗಳಲ್ಲಿ ಒಂದು ಚುಕ್ಕೆಯದು, ಒಂದು ಕೆಂಪು. ಕೆಂಪಿನದು ಹುಟ್ಟಿದ್ದು ಅವಳ ಹಟ್ಟಿಯಲ್ಲೇ. ಅವಳ ಹಳೆಯ ಹಸುವಿನ ಒಂದು ಕರುವನ್ನು ಅಜ್ಜ ಕೊಂಡಿದ್ದರು, ಇನ್ನೊಂದನ್ನು ಅವಳು ಇಟ್ಟುಕೊಂಡಿದ್ದಳು. ಅಕ್ಕತಂಗಿ ಹಸುಗಳು. ಮೈಬಣ್ಣ, ಬಾಲ, ಕೆಚ್ಚಲು, ಎಲ್ಲ ಒಂದೇ. ಅವಳದ್ದರ ಎಡಕೋಡಿನ ತುದಿ ಮುರಿದಿತ್ತು, ನನ್ನದರದ್ದು ಇಡಿಯಾಗಿತ್ತು. ಮುಂದಿನಿಂದ ನೋಡಿದವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು.

ಆ ವರ್ಷ ಬೇಸಿಗೆಯ ಕೊನೆಗೆ ಬಿರುಗಾಳಿ ಬಂತು. ಹಾಡಹಗಲು. ಬೆಳಿಗ್ಗೆ ಹತ್ತರ ಹೊತ್ತಿಗೆ ಆಕಾಶ ಹಿತ್ತಾಳೆ ಪಾತ್ರೆಯ ತಳದ ಹಾಗೆ ಕಪ್ಪಾಯಿತು. ಆಮೇಲೆ ತಗಡುಗಳು ಒಂದೊಂದಾಗಿ ಎದ್ದು ಹಾರತೊಡಗಿದವು. ಒಂದು ತಗಡು ನನ್ನ ತಲೆಯ ಮೇಲಿಂದ ಹೋಗಿ ಗೋಡೆಗೆ ಕತ್ತಿಯ ಹಾಗೆ ನಾಟಿತು. ಹಸುಗಳು ಕಟ್ಟಿದಲ್ಲೇ ಕೂಗುತ್ತಿದ್ದವು. ಹಗ್ಗ ಒದ್ದೆಯಾಗಿ ಗಂಟು ಬಿಚ್ಚಲು ಬರಲಿಲ್ಲ. ಹುಲ್ಲು ಕೊಯ್ಯುವ ಕತ್ತಿಯಿಂದ ಎರಡೂ ಹಗ್ಗ ಕೊಯ್ದೆ. ಆಚೆ ಕಡೆ ಅವಳೂ ಅದನ್ನೇ ಮಾಡಿದಳು. ಅಷ್ಟರಲ್ಲಿ ಕಾಲುವೆಯ ನೀರು ಮೊಣಕಾಲಿಗೆ ಬಂದಿತ್ತು. ನಾನು ಮಂಚದ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡೆ. ನನಗೆ ಗೊತ್ತಿದ್ದ ದೇವರ ಹೆಸರುಗಳೆಲ್ಲ ಮುಗಿದುಹೋದವು, ಗಾಳಿ ಮುಗಿಯಲಿಲ್ಲ.

ಮರುದಿನ ಚುಕ್ಕೆಯ ಹಸು ತಾನಾಗಿ ಬಂತು. ಎರಡು ಕೆಂಪು ಹಸುಗಳೂ ಇರಲಿಲ್ಲ. ಅವಳು ಗಂಡನ ಜೊತೆ ದೊಡ್ಡ ರಸ್ತೆಯ ಕಡೆ ಹುಡುಕಲು ಹೋದಳು. ಮಧ್ಯಾಹ್ನ ಮೈದುನ ಕಸ್ಬಾದಿಂದ ಹೇಗೋ ಬಂದು ತಲುಪಿದರು. ಕಾಲುವೆಯ ಬದಿ ನೋಡಿ ಬಂದು ಮೆಲ್ಲ ಹೇಳಿದರು: "ಅತ್ತಿಗೆ, ನಮ್ಮ ಕೆಂಪು ಹಸು ಹೋಯ್ತು. ಅಲ್ಲಿ ಬಿದ್ದುಕೊಂಡುಂಟು."

ನಮ್ಮ ತವರಿನಲ್ಲಿ ಒಂದು ಪದ್ಧತಿ ಇತ್ತು. ಹಾಲು ಕರೆದ ಕೈಯವಳು ಸತ್ತ ಹಸುವಿನ ಮುಖ ನೋಡಬಾರದು. ಅವಳು ಉಟ್ಟ ಒಂದು ಹಳೆಯ ಸೀರೆಯನ್ನು ಕಳಿಸಬೇಕು. ಬೇರೆಯವರು ಅದನ್ನು ಹಸುವಿನ ತಲೆಗೆ ಸುತ್ತಿ ಹೊದಿಸುತ್ತಾರೆ, ಅವಳು ಬೆನ್ನು ಹಾಕಿ ನಿಲ್ಲುತ್ತಾಳೆ. ನನ್ನ ಅಮ್ಮ ಹಾಗೆ ನಿಂತದ್ದನ್ನು ಎರಡು ಸಲ ನೋಡಿದ್ದೆ. ನಾನೂ ಹಸಿರು ಅಂಚಿನ ಸೀರೆಯೊಂದನ್ನು ಕೊಟ್ಟು ಕಾಲುವೆಗೆ ಬೆನ್ನು ಹಾಕಿ ನಿಂತೆ. ಮೈದುನನಿಗೆ ಹೋಟೆಲಿನ ಗಲ್ಲಾ ಗೊತ್ತು, ದನದ ಕೋಡು ಗೊತ್ತಿಲ್ಲ. ಕೆಂಪು ಹಸು ಎಂದು ಕಂಡರು, ಸೀರೆ ಸುತ್ತಿದರು.

ಅಷ್ಟರಲ್ಲೇ ಪಂಚಾಯಿತಿಯ ಮೆಂಬರು ದನದ ಡಾಕ್ಟರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಬಿಸಿಲು ಸುಡುತ್ತಿತ್ತು, ಸತ್ತ ದನಗಳನ್ನು ಬೇಗ ಹೂಳಬೇಕಿತ್ತು. ಹೂಳುವ ಮೊದಲು ಡಾಕ್ಟರು ನೋಡಿ ಬರೆದುಕೊಂಡರೆ ಸರ್ಕಾರದ ಪರಿಹಾರ ಸಿಗುತ್ತದೆ ಎಂದ ಮೆಂಬರು. ಡಾಕ್ಟರು ತುಂಬ ಸುಸ್ತಾಗಿದ್ದರು. ಸೀರೆ ಎತ್ತಲು ಹೋದಾಗ ಮೈದುನ ಅಡ್ಡ ಬಂದರು. "ಡಾಕ್ಟರ್ ಬಾಬು, ನಮ್ಮಲ್ಲಿ ಮುಖ ತೆಗೆಯುವ ಕ್ರಮ ಇಲ್ಲ." ಡಾಕ್ಟರು ಹಿಂದಿನಿಂದ ಕೆಚ್ಚಲು ನೋಡಿ "ಕೆಂಪು, ಕರೆಯುವ ಹಸು" ಎಂದು ಬರೆದುಕೊಂಡರು, ಫೋಟೋ ಹೊಡೆದರು. ಆಮೇಲೆ ನನ್ನ ಕಡೆ ತಿರುಗಿ, ಇಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ, "ಮಾಶಿಮಾ, ನಿಮ್ಮದೇನಾ?" ಎಂದು ಕೇಳಿದರು.

ನಾನು ತಿರುಗಿಯೂ ನೋಡದೆ ತಲೆ ಆಡಿಸಿದೆ. ಕೊಟ್ಟ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿದೆ.

ಉಪ್ಪು, ಅರಿಸಿನ ಹಾಕಿ ಅಲ್ಲೇ, ನಮ್ಮ ಹಿತ್ತಿಲುಗಳ ಹಿಂದೆ, ಹೂಳಿದರು. ಸಂಜೆ ಅವಳು ಕಾಲು ಎಳೆದುಕೊಂಡು ವಾಪಸು ಬಂದಳು. ನನ್ನ ಬೆನ್ನು ಸವರುತ್ತ ಹೇಳಿದಳು: "ನಿಮ್ಮದು ಸಿಕ್ಕಿತಲ್ಲ ದೀದಿ, ಅದೇ ಪುಣ್ಯ. ನನ್ನದು ಎಲ್ಲಿ ಬಿದ್ದುಂಟೋ."

ಮುಂದಿನ ವಾರ ಪಂಚಾಯಿತಿ ಆಫೀಸಿನ ಗೋಡೆಗೆ ಪಟ್ಟಿ ಅಂಟಿಸಿದರು. ವೀಳ್ಯದೆಲೆಯ ತೋಟ ಮಲಗಿದವರು, ಗದ್ದೆಗೆ ಉಪ್ಪುನೀರು ನುಗ್ಗಿದವರು, ದನ ಸತ್ತವರು. ನನ್ನ ಹೆಸರಿತ್ತು. ಅವಳ ಹೆಸರಿರಲಿಲ್ಲ. ಹೆಣ ಸಿಗದ ದನಕ್ಕೆ ಪರಿಹಾರವಿಲ್ಲ ಎಂಬುದು ನಿಯಮವಂತೆ. ಅವಳು ಹೋಗಿ ಗುಮಾಸ್ತನ ಮುಂದೆ ಅತ್ತಳು. "ಓಡಿಹೋದ ಹಸುವಿಗೆಲ್ಲ ಸರ್ಕಾರ ದುಡ್ಡು ಕೊಡ್ಲಿಕ್ಕೆ ಶುರು ಮಾಡಿದ್ರೆ ನಾನೂ ಒಂದು ಹಸು ಓಡಿಸ್ತೇನೆ" ಎಂದನಂತೆ ಅವನು. ಸಾಲಿನಲ್ಲಿ ನಿಂತವರು ನಕ್ಕರಂತೆ. ಮತ್ತೆ ದಿನಾ ಬೆಳಿಗ್ಗೆ ಹುಡುಕಲು ಹೋಗುತ್ತಿದ್ದಳು, ಹೆಣವಾದರೂ ಸಿಗಲಿ ಎಂದು.

ಬಿರುಗಾಳಿ ಬಂದ ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಚುಕ್ಕೆಯ ಹಸುವಿಗೆ ಹುಲ್ಲು ಹಾಕಲು ಹೋದೆ. ಅದರ ಪಕ್ಕದ ಗೂಟದ ಹತ್ತಿರ ನನ್ನ ಕೆಂಪು ಹಸು ನಿಂತಿತ್ತು.

ಕುತ್ತಿಗೆಯಲ್ಲಿ ನಾನು ಕೊಯ್ದ ಹಗ್ಗದ ತುಂಡು. ಪಕ್ಕೆಲುಬು ಎದ್ದು ಕಾಣುತ್ತಿದ್ದವು. ಎಲ್ಲಿತ್ತೋ, ಯಾರ ಹುಲ್ಲು ತಿಂದಿತೋ. ಎರಡು ಕೋಡೂ ಇಡಿಯಾಗಿದ್ದವು. ನಾನು ಅದರ ಕುತ್ತಿಗೆ ತಬ್ಬಿಕೊಂಡೆ. ಸಂತೋಷ ಎಷ್ಟು ಹೊತ್ತು ಇತ್ತೆಂದರೆ, ಒಂದು ಹಿಡಿ ಹುಲ್ಲು ಅದು ಜಗಿದು ನುಂಗುವಷ್ಟು ಹೊತ್ತು. ಆಮೇಲೆ ತಬ್ಬಿದ ಕೈ ಬಿಟ್ಟೆ. ನನ್ನ ಹಸು ಇಲ್ಲಿದೆ ಎಂದಾದರೆ, ನನ್ನ ಸೀರೆಯ ಕೆಳಗೆ ಇರುವುದು ಯಾರದು?

ಯೋಚಿಸಬೇಕಾಗಿಯೇ ಇರಲಿಲ್ಲ. ತಟ್ಟಿಯ ಆಚೆ ಅವಳು ಖಾಲಿ ಗೂಟದ ಸುತ್ತ ಗುಡಿಸುವ ಸದ್ದು ಕೇಳುತ್ತಿತ್ತು.

ಅವಳ ಹಸುವಿನ ಮೇಲೆ ನಾನು ನನ್ನದೆಂದು ಸಹಿ ಹಾಕಿದ್ದೆ. ಅವಳಿಗೆ ಬರಬೇಕಾದ ಪರಿಹಾರ ನನ್ನ ಹೆಸರಿಗೆ ಬರೆದಾಗಿತ್ತು. ಹಗ್ಗ ಕಟ್ಟಿ ಹಸುವನ್ನು ಒಳಗಿನ ಮೂಲೆಗೆ ಎಳೆದೆ, ಮುಂದೆ ಗೋಣಿ ನೇತುಹಾಕಿದೆ. ಬೂತಿಗೆ ಹೋಗಿ ಮೈದುನನಿಗೆ ಫೋನು ಮಾಡಿದೆ. ಅವರು ಬಂದು, ನನ್ನ ಹತ್ತಿರವಿದ್ದ ಕಾಗದದ ಪ್ರತಿಯ ಕೊನೆಯ ಸಾಲು ಓದಿದರು. ಸುಳ್ಳು ಮಾಹಿತಿ ಕೊಟ್ಟವರ ಮೇಲೆ ಕ್ರಮ ಕೈಗೊಳ್ಳಲಾಗುವುದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತಂತೆ.

"ಕ್ರಮ ಅಂದ್ರೆ?"

"ಕ್ರಮ ಅಂದ್ರೆ ಪೊಲೀಸು, ಅತ್ತಿಗೆ, ಮತ್ತೆಂತ. ಈಗ ಯಾರಿಗೂ ಹೇಳ್ಬೇಡಿ. ಅವನ ವೆರಿಫಿಕೇಶನ್ ಮುಗೀಲಿ."

ಅವನೆಂದರೆ ನಿಮ್ಮಪ್ಪ. ಸರ್ಕಾರಿ ಕೆಲಸದ ಪರೀಕ್ಷೆ ಪಾಸಾಗಿ ಕಾಗದ ಬಂದಿತ್ತು. ಮನೆಯವರು ಎಂಥವರು ಎಂದು ವಿಚಾರಿಸಲು ಪೊಲೀಸರು ಇಂದೋ ನಾಳೆಯೋ ಬರುವವರಿದ್ದರು. ಪೊಲೀಸು ಬಂದು ಬಾಗಿಲು ತಟ್ಟುವಾಗ ಒಳಗೆ ಸತ್ತ ಹಸು ಕೂಗಿದರೆ?

ಮೂರು ದಿನ ನಾನು ಹೇಗೆ ಬದುಕಿದೆನೋ ಹೇಳಲಾರೆ. ಅದು ಕೂಗಬಾರದೆಂದು ಬಾಯಿಗೆ ಹುಲ್ಲು ಕೊಡುತ್ತಲೇ ಇದ್ದೆ. ಒಂದು ಹಸುವಿನ ಲೆಕ್ಕಕ್ಕಿಂತ ಹೆಚ್ಚು ಕಾಣಬಾರದೆಂದು ಅದರಿಂದ ಕರೆದ ಹಾಲನ್ನು ಚರಂಡಿಗೆ ಚೆಲ್ಲಿದೆ. ಹಾಲು ಚೆಲ್ಲುವಾಗ ನನ್ನ ಕೈ ಬೇರೆ ಯಾರದೋ ಎನ್ನುವ ಹಾಗಿತ್ತು. ಬೈಕಿನ ಸದ್ದು ಕೇಳಿದರೆ ಗೋಣಿಯ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಎಷ್ಟು ಜಾಗ್ರತೆ ಮಾಡಿದರೂ ಅದು ದಿನಕ್ಕೆ ಒಂದೆರಡು ಸಲ ಕೂಗಿಯೇ ಕೂಗಿತು. ಕೂಗಿದ ಕೂಡಲೇ ನಾನು ಬಕೆಟ್ಟು ಕೆಡವುತ್ತಿದ್ದೆ. ತಟ್ಟಿಯ ಆಚೆಯಿಂದ ಏನೂ ಸದ್ದಿಲ್ಲ.

ಚಿಕ್ಕವಳಿದ್ದಾಗ ಶಾಲೆಯಲ್ಲಿ ಒಮ್ಮೆ ಮೇಷ್ಟ್ರ ಶಾಯಿ ದೌತಿ ನನ್ನ ಕೈ ತಾಗಿ ಬಿದ್ದಿತ್ತು. ನಾನು ಬಾಯಿ ಬಿಡಲಿಲ್ಲ, ಬೆಂಚಿನ ಇನ್ನೊಬ್ಬಳಿಗೆ ಪೆಟ್ಟು ಬಿತ್ತು. ಆ ಪೆಟ್ಟಿನ ಸದ್ದು ಆ ಮೂರು ದಿನವೂ ನನಗೆ ಕೇಳುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಎಂದಿನಂತೆ ತಟ್ಟಿಯ ಸಂದಿಯಿಂದ ಕರೆದಳು. "ದೀದಿ, ತೆಳಿ ಇಟ್ಟಿದ್ದೇನೆ. ಬಿಸಿ ಉಂಟು, ಆರಿಸಿ ಕೊಡಿ."

ಹೋಗಿ ನೋಡಿದೆ. ಬಿರುಗಾಳಿಯ ಮೇಲೆ ಅವಳು ದಿನಾ ಒಂದೇ ಪಾತ್ರೆ ಇಡುತ್ತಿದ್ದಳು, ನನಗಿದ್ದದ್ದು ಒಂದೇ ಹಸು ಎಂದು. ಅಂದು ಎರಡು ಪಾತ್ರೆ ಇದ್ದವು.

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಎದ್ದು ಸುತ್ತಿ ಅವಳ ಬಾಗಿಲಿಗೆ ಹೋಗುವ ಹತ್ತು ಹೆಜ್ಜೆ ನನಗೆ ಊರಿಗೆ ನಡೆದಷ್ಟು ದೂರವಾಯಿತು. ಅವಳು ಒಲೆಯ ಮುಂದೆ ಇದ್ದಳು, ತಿರುಗಲಿಲ್ಲ.

"ಯಾವಾಗ ಗೊತ್ತಾಯ್ತು?" ಎಂದೆ.

"ಬಂದ ದಿನವೇ. ಅದು ಹುಟ್ಟುವಾಗ ಎಳೆದು ತೆಗೆದದ್ದು ಈ ಕೈ. ಅದರ ಸ್ವರ ನನಗೆ ಗೊತ್ತಾಗುದಿಲ್ವಾ? ನೀವು ಬಕೆಟ್ಟು ಬೀಳಿಸಿ ಬೀಳಿಸಿ ಒಡೆದುಹೋಗಿರ್ಬೇಕು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ನೀವಾಗಿ ಹೇಳ್ತೀರಾ ಅಂತ ನೋಡಿದೆ. ಇವತ್ತು ಒಂದು ದಿನ ನೋಡುದು ಅಂತ ಇದ್ದೆ. ನಾಳೆ ಆಗಿದ್ರೆ ಜೋಕಾ ಇಡೀ ಕೇಳುವ ಹಾಗೆ ಕೂಗ್ತಿದ್ದೆ." ಆಮೇಲೆ ತಿರುಗಿದಳು. ಸ್ವರ ಇಳಿಯಿತು. "ಹಾಗಾದ್ರೆ ಆ ಸೀರೆಯ ಕೆಳಗೆ ಇರುದು ನನ್ನದು. ನಾನು ಊರೂರು ಹುಡುಕಿದೆ ದೀದಿ. ಅದು ಇಲ್ಲೇ ಇತ್ತು, ನನ್ನ ಹಿತ್ತಿಲ ಹಿಂದೆ."

ಅವಳು ಅತ್ತಳು. ನನಗೆ ಅಳುವ ಹಕ್ಕಿಲ್ಲ ಎನಿಸಿತು. "ಬಾ, ಆಫೀಸಿಗೆ ಹೋಗುವ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದೆಂದು ನನಗೇ ನಂಬಿಕೆಯಾಗಲಿಲ್ಲ. ಮೈದುನನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ತಡೆಯುತ್ತಿದ್ದರು, ನಾನೂ ನಿಲ್ಲುತ್ತಿದ್ದೆ.

ಅವಳ ಗಂಡನ ವ್ಯಾನಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಹೋದೆವು. ದಾರಿಯುದ್ದಕ್ಕೂ ನಿಮ್ಮಪ್ಪನ ಕೆಲಸದ ಕಾಗದ ನನ್ನ ಕಣ್ಣ ಮುಂದೆ ಹರಿದು ಹಾರುತ್ತಿತ್ತು. ಆಫೀಸಿನಲ್ಲಿ ಡಾಕ್ಟರೂ ಇದ್ದರು. ಮುರುಕು ಬಂಗಾಳಿಯಲ್ಲಿ ಹೇಳಿದೆ, ನನ್ನ ಹಸು ಸತ್ತಿಲ್ಲ, ಮನೆಯಲ್ಲಿದೆ ಎಂದು.

ಗುಮಾಸ್ತ ರಿಜಿಸ್ಟರಿನ ಮೇಲೆ ಬೆರಳಿಟ್ಟ. "ಮಾಶಿಮಾ, ಇಲ್ಲಿ ಸತ್ತಿದೆ."

"ಅಲ್ಲಿ ಹಾಲು ಕೊಡ್ತಿದೆ" ಎಂದಳು ಅವಳು ನನ್ನ ಹಿಂದಿನಿಂದ.

ಗುಮಾಸ್ತ ಡಾಕ್ಟರ ಮುಖ ನೋಡಿದ. ಡಾಕ್ಟರ ಮುಖ ಬಿಳಿಚಿಕೊಂಡಿತು. ಆಗ ನನಗೆ ಮೊದಲ ಸಲ ಗೊತ್ತಾಯಿತು, ಹೆದರಿದವಳು ನಾನೊಬ್ಬಳೇ ಅಲ್ಲ. ಮುಖ ನೋಡದೆ ಸಹಿ ಹಾಕಿದವರು ಅವರೂ ಹೌದು. ಗುಮಾಸ್ತ ದನಿ ತಗ್ಗಿಸಿ, "ಸುಮ್ನೆ ಮನೆಗೆ ಹೋಗಿ. ನಿಮ್ಮ ಹೆಸರು ಹೊಡೆದು ಹಾಕ್ತೇನೆ. ಯಾರಿಗೂ ತೊಂದ್ರೆ ಇಲ್ಲ" ಎಂದ.

"ಮತ್ತೆ ಇವಳದ್ದು?"

"ಇವರ ಹಸುವಿನ ಹೆಣ ಎಲ್ಲುಂಟು? ನೀವು ಹೇಳಿದ ಕೂಡಲೇ ಅದು ಇವರದ್ದಾಗ್ತದಾ? ಮೊದಲು ನಿಮ್ಮದು ಅಂತ ಹೇಳಿದ್ದೂ ನೀವೇ ಅಲ್ವಾ?"

ನಿಜ, ಹೇಳಿದ್ದು ನಾನೇ. ಅಲ್ಲೇ ತಿರುಗಿ ಮನೆಗೆ ಹೋಗಬಹುದಿತ್ತು. ನನ್ನ ಹೆಸರು ಹೋದರೆ ನನ್ನ ಭಯವೂ ಹೋಗುತ್ತಿತ್ತು. ಅವಳು ಗೋಡೆಗೆ ಅಂಟಿಸಿದ ಪಟ್ಟಿಯನ್ನು ನೋಡುತ್ತಿದ್ದಳು.

"ಅಗೆದು ನೋಡಿ" ಎಂದೆ. "ಎಡಕೋಡಿನ ತುದಿ ಇಲ್ಲದಿದ್ದರೆ ಅದು ಇವಳದ್ದು. ನನ್ನ ಹಸುವನ್ನೂ ಬಂದು ನೋಡಿ. ನಾನು ಬರೆದುಕೊಡ್ತೇನೆ."

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಎದ್ದು, "ಹೋಗುವ" ಎಂದರು. ಅವರು ಒಳ್ಳೆಯವರು.

ತಲೆಯ ಕಡೆ ಮಾತ್ರ ಅಗೆದರು. ಅವಳ ಗಂಡ ಮತ್ತು ಇನ್ನಿಬ್ಬರು. ಉಪ್ಪು ಹಾಕಿದ್ದರೂ ವಾಸನೆ ಸಹಿಸಲಾಗುತ್ತಿರಲಿಲ್ಲ, ಎಲ್ಲರೂ ಮೂಗಿಗೆ ಬಟ್ಟೆ ಹಿಡಿದಿದ್ದರು. ಹಸಿರು ಅಂಚು ಮಣ್ಣಿನಲ್ಲಿ ಕಂಡಿತು. ಡಾಕ್ಟರು, "ಮಾಶಿಮಾ, ಸಹಿ ಹಾಕುವವರು ನೋಡ್ಬೇಕು" ಎಂದರು.

ನನ್ನ ಅಮ್ಮ ನೆನಪಾದಳು. ಬೆನ್ನು ಹಾಕಿ ನಿಂತ ಅಮ್ಮ. ಮುಖ ನೋಡಿದರೆ ಏನಾಗುತ್ತದೆ ಎಂದು ಅವಳು ಯಾವತ್ತೂ ಹೇಳಿರಲಿಲ್ಲ, ಅದಕ್ಕೇ ಭಯ ಇನ್ನೂ ದೊಡ್ಡದಿತ್ತು. ಹಾಲು ಬತ್ತುತ್ತದೋ, ಮಗನಿಗೆ ಕೆಡುಕಾಗುತ್ತದೋ. ನಾನು ಪಕ್ಕದಲ್ಲಿದ್ದ ನೆರೆಯವಳ ಕೈ ಹಿಡಿದುಕೊಂಡೆ. ಸೀರೆ ಎತ್ತಿದವಳು ಅವಳು. ನಾನು ನೋಡಿದೆ. ಏನು ಕಂಡಿತೆಂದು ನಿಮಗೆ ಬರೆಯುವುದಿಲ್ಲ, ನೀವು ಮಕ್ಕಳು. ಕೋಡು ಮಾತ್ರ ಹಾಗೇ ಇತ್ತು. ಎಡಗಡೆಯ ತುದಿ ಇರಲಿಲ್ಲ.

ಅವಳು ಅದರ ಮೇಲೆ ಕೈಯಿಟ್ಟು ಏನೋ ಹೇಳಿದಳು, ನನಗೆ ಅರ್ಥವಾಗಲಿಲ್ಲ. ಆಮೇಲೆ ಅದೇ ಸೀರೆಯನ್ನು ಸರಿಯಾಗಿ ಹೊದಿಸಿದಳು.

ನಾನು ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟೆ, ಮೈದುನ ಬಂದು ಬೈದುಕೊಳ್ಳುತ್ತಲೇ ಅದನ್ನು ಇಂಗ್ಲಿಷಿಗೆ ಮಾಡಿದರು. ವಿಚಾರಣೆ ಆಗಬಹುದು ಎಂದು ಗುಮಾಸ್ತ ಹೇಳಿದ್ದ. ಮಳೆಗಾಲ ಪೂರ್ತಿ ನಾನು ಅದನ್ನೇ ಕಾದೆ. ಒಂದು ದಿನ ಖಾಕಿ ಬಟ್ಟೆಯವನೊಬ್ಬ ಸೈಕಲ್ಲಿನಲ್ಲಿ ಬಂದೇ ಬಂದ. ನಾನು ಬಾಗಿಲ ಹಿಂದೆ ಸರಿದೆ. ಅವನು ಬಂದದ್ದು ನಿಮ್ಮಪ್ಪನ ವೆರಿಫಿಕೇಶನ್ನಿಗೆ. ಚಹಾ ಕುಡಿದ, ಹಟ್ಟಿ ನೋಡಿದ, "ಈ ಕೆಂಪು ಹಸು ಎಷ್ಟು ಹಾಲು ಕೊಡ್ತದೆ?" ಎಂದು ಕೇಳಿದ. ನಾನು ಉತ್ತರ ಹೇಳುವ ಮೊದಲೇ ಆಚೆ ಕಡೆಯಿಂದ ಅವಳು, "ಸತ್ತಿದ್ದಾಗ ಕೊಡುತ್ತಿದ್ದಷ್ಟೇ!" ಎಂದು ಕೂಗಿ ನಕ್ಕಳು. ಅವನಿಗೆ ಏನೂ ತಿಳಿಯಲಿಲ್ಲ. ನಾನು ಸಕ್ಕರೆ ಡಬ್ಬಿ ಕೈಯಿಂದ ಬಿಟ್ಟೆ.

ನನ್ನ ವಿಚಾರಣೆಗೆ ಯಾರೂ ಬರಲಿಲ್ಲ. ಬರುವುದಿಲ್ಲ ಎಂದೂ ಯಾರೂ ಹೇಳಲಿಲ್ಲ. ಫೈಲು ಕಂಡರೆ ನಾನು ಒಳಗೆ ಓಡುವುದು ಅದಕ್ಕೇ, ಮಕ್ಕಳೇ.

ದುರ್ಗಾ ಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದ ದಿನಗಳಲ್ಲಿ ಅವಳ ಚೆಕ್ಕು ಬಂತು. ತೆಗೆದುಕೊಳ್ಳುವಾಗ ಗುರುತು ಹೇಳುವವರೊಬ್ಬರ ಸಹಿ ಬೇಕೆಂದರಂತೆ, ಅವಳು ನನ್ನನ್ನು ಕರೆದಳು. ಇನ್ನು ಸರ್ಕಾರದ ಕಾಗದಕ್ಕೆ ಕೈ ಹಾಕುವುದಿಲ್ಲ ಎಂದು ನಾನು ದೇವರ ಮುಂದೆ ಹೇಳಿಕೊಂಡಿದ್ದೆ. ಆದರೂ ಹೋದೆ. ಅದೇ ಗುಮಾಸ್ತ, ಅದೇ ರಿಜಿಸ್ಟರು. ಅವಳ ಹೆಸರಿನ ಮುಂದೆ ಹಸು ಎಂದು ಬರೆದದ್ದನ್ನು ಅವಳ ಗಂಡ ಓದಿ ತೋರಿಸಿದ. ಅವಳು ಅದರ ಮೇಲೆ ಒಂದು ಸಲ ಬೆರಳಾಡಿಸಿದಳು.

ನಾನು ಪೆನ್ನು ಹಿಡಿದೆ. ಹಿಡಿದು, ಸಹಿ ಹಾಕುವ ಮೊದಲು, ತಲೆಯೆತ್ತಿ ಅವಳ ಮುಖವನ್ನು ನೋಡಿದೆ. ಎಷ್ಟೋ ವರ್ಷದ ನೆರೆಯವಳನ್ನು ಹೊಸದಾಗಿ ಗುರುತು ಹಿಡಿಯುವವಳ ಹಾಗೆ ನೋಡಿರಬೇಕು. ಅವಳಿಗೆ ಅದು ಕೂಡಲೇ ತಿಳಿಯಿತು.

"ಇದು ಯಾವ ಅಕ್ಷರ ಮಾಶಿಮಾ, ಸರಿಯುಂಟಾ?" ಎಂದು ಗುಮಾಸ್ತ ನನ್ನ ಕನ್ನಡ ಸಹಿಯನ್ನು ತಿರುಗಿಸಿ ನೋಡಿದ.

"ಸರಿಯುಂಟು, ಸರಿಯುಂಟು" ಎಂದಳು ಅವಳು, ಚೆಕ್ಕನ್ನು ಸೆರಗಿಗೆ ಕಟ್ಟಿಕೊಳ್ಳುತ್ತ. "ಈ ಸಲ ದೀದಿ ಮುಖ ನೋಡಿಯೇ ಹಾಕಿದ್ದು."